ಬ್ರೇಕಮ್ಮನ ಬಯಲು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ವೋಟಿನ ದಿನ ಬಿಟ್ಟರೆ ಅದು ಯಾರಿಗೂ ಬೇಕಾಗುತ್ತಿರಲಿಲ್ಲ. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಪಕ್ಕದ ಸೀಟಿನಲ್ಲಿ ಕೂತು ಅವಳು "ಬ್ರೇಕು" ಅಂದರೆ ಕಲಿಯುವವರಷ್ಟೇ ಅಲ್ಲ, ಆಚೆ ಬೀದಿಯಲ್ಲಿ ಸೈಕಲ್ ಹೊಡೆಯುತ್ತಿದ್ದವರೂ ಗಕ್ಕನೆ ನಿಲ್ಲುತ್ತಿದ್ದರು. ಹಾಗಾಗಿ ಬ್ರೇಕಮ್ಮ. ಮುಖದೆದುರು ಹಾಗೆ ಕರೆಯುವ ಧೈರ್ಯ ಮೊದಮೊದಲು ಯಾರಿಗೂ ಇರಲಿಲ್ಲ. ಕೊನೆಗೆ ಅವಳೇ ಕಾರಿನ ಹಿಂದಿನ ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡಳು. ಹೇಗೂ ಆಡಿಕೊಳ್ಳುತ್ತಾರೆ, ಜಾಹೀರಾತಾದರೂ ಆಗಲಿ ಅಂತ.

ಗಂಡ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೆತ್ತಗಿನ ಮನುಷ್ಯ, ಎಲ್ಲಿಗೆ ಹೋದರೂ ನಡೆದೇ ಹೋಗುವವನು. ಹೆಂಡತಿಯ ಕಾರಿನಲ್ಲಿ ಒಮ್ಮೆ ಕೂತಿದ್ದನಂತೆ, ಆಮೇಲೆ ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಅನ್ನತೊಡಗಿದನಂತೆ.

ಸ್ಕೂಲಿಗೆ ಕಟ್ಟಡ ಅಂತೇನೂ ಇರಲಿಲ್ಲ. ಮನೆಯ ಹಿಂದಿನ ದೊಡ್ಡ ಬಯಲೇ ಸ್ಕೂಲು. ಆ ಬಯಲಿಗೆ ಐದಾರು ಜನ ಒಡೆಯರು. ಯಾರ ತುಂಡು ಎಲ್ಲಿ ಮುಗಿಯುತ್ತದೆ ಅನ್ನುವುದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಬೀದಿಯವರಿಗೆ ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಅವರು ಅಲ್ಲಿ ಬಟ್ಟೆ ಒಣಗಿಸುತ್ತಿದ್ದರು, ಬಸ್‌ಸ್ಟಾಪಿಗೆ ಅಡ್ಡದಾರಿ ಮಾಡಿಕೊಂಡಿದ್ದರು, ಮುರಿದ ಸೋಫಾ ತಂದು ಬಿಸಾಡುತ್ತಿದ್ದರು. ಒಡೆಯರಲ್ಲೆಲ್ಲ ದೊಡ್ಡ ತುಂಡಿನವನು ಬ್ರೇಕಮ್ಮನ ಭಾವ, ಅಂದರೆ ಸ್ವಂತ ಅಕ್ಕನ ಗಂಡ.

ಭಾವನಿಗೂ ಅವಳಿಗೂ ಮಾತು ನಿಂತು ವರ್ಷಗಳಾಗಿದ್ದವು. ಐವತ್ತು ದಾಟಿದ ಮೇಲೆ ಭಾವನಿಗೆ ಕಾರು ಕಲಿಯುವ ಹುಚ್ಚು ಹಿಡಿದಿತ್ತು. ಕಲಿಸಲು ಹೋದಳು. ಮೊದಲ ವಾರದಲ್ಲೇ ಅವನು ತನ್ನದೇ ಮನೆಯ ಕಾಂಪೌಂಡಿಗೆ ಗುದ್ದಿದ. ಜನ ಸೇರಿದರು. ಬೇರೆ ಯಾರಾಗಿದ್ದರೂ "ಆಗುತ್ತೆ ಬಿಡಿ" ಅನ್ನುತ್ತಿದ್ದರು. ಇವಳು ಕಡ್ಡಿ ಮುರಿದ ಹಾಗೆ, "ಭಾವ, ನಿಮಗೆ ಹಿಂದಿನ ಸೀಟೇ ಸರಿ" ಅಂದಳು. ಜನ ನಕ್ಕರು. ಅವತ್ತಿನಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತಿದ್ದರೂ ಮಾತೆಲ್ಲ ಅಕ್ಕನ ಮೂಲಕವೇ. "ಅವಳಿಗೆ ಹೇಳು, ಫ್ಯಾನ್ ಆಫ್ ಮಾಡಲಿ" ಅನ್ನುವನು ಭಾವ. "ಅವರಿಗೆ ಹೇಳಕ್ಕ, ಸ್ವಿಚ್ಚು ಅವರ ತಲೆ ಹಿಂದೇನೇ ಇದೆ" ಅನ್ನುವಳು ಇವಳು. ಪಾಪ, ಅಕ್ಕ ಎದ್ದು ಹೋಗಿ ಆಫ್ ಮಾಡುವಳು.

ಅಷ್ಟಾದರೂ ಬಯಲಿನಲ್ಲಿ ಕಾರು ಓಡಿಸಬೇಡ ಅಂತ ಭಾವ ಹೇಳಲಿಲ್ಲ. ಹೇಳಬೇಕಾದರೆ ಅಕ್ಕನ ಕೈಲೇ ಹೇಳಿಸಬೇಕು, ಅಕ್ಕ ಹೇಳುವುದಿಲ್ಲ. ಹೀಗೆ ನಡೆದುಕೊಂಡು ಹೋಗುತ್ತಿತ್ತು.

ಆ ಬಯಲನ್ನು ಬಡಾವಣೆ ಮಾಡಲು ಪುರಸಭೆಯವರು ಮೊದಲು ಎರಡು ಸಲ ನಕ್ಷೆ ಬರೆದಿದ್ದರು. ಮೊದಲನೆಯದರಲ್ಲಿ ಬೀದಿಯ ಅರ್ಧ ಮನೆಗಳೇ ಇರಲಿಲ್ಲ. ಬರೆದವನು ಮಹಡಿಯ ಮೇಲೆ ಕೂತು ಬರೆದಿದ್ದ, ಇಳಿದು ಬಂದು ನೋಡಿರಲಿಲ್ಲ. ಬೀದಿಯವರು ಗಲಾಟೆ ಮಾಡಿದರು. ಎರಡನೆಯದರಲ್ಲಿ ಮನೆಗಳೆಲ್ಲ ಇದ್ದವು, ಆದರೆ ಜಮೀನಿನವರ ಜಮೀನೆಲ್ಲ ಉದ್ಯಾನವನವಾಗಿತ್ತು. ಅವರು ಗಲಾಟೆ ಮಾಡಿದರು. ಮೂರನೇ ಸಲಕ್ಕೆ ಹೊಸ ಯೋಜನಾಧಿಕಾರಿ ಬಂದಳು. ಸದಾ ನೆಗಡಿ, ಕೈಯಲ್ಲಿ ಕರ್ಚೀಫು, ಪಿಸುಪಿಸು ದನಿ. ಗಲಾಟೆ ಆಗುವುದೇ ಆದರೆ ನಕ್ಷೆ ಬರೆಯುವ ಮೊದಲೇ ಆಗಿಬಿಡಲಿ, ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕೂತು ಬರೆಯೋಣ ಅಂತ ಎಲ್ಲರಿಗೂ ಹೇಳಿಕಳಿಸಿದಳು.

ಜಮೀನಿನವರ ಕಡೆಯಿಂದ ಭಾವ ಮುಖಂಡನಾದ. ನಿವಾಸಿಗಳು ಬ್ರೇಕಮ್ಮನನ್ನು ಆರಿಸಿದರು. ಬೀದಿಯ ಅರ್ಧ ಜನ ಅವಳ ಹತ್ತಿರ ಕಾರು ಕಲಿತವರು, ಅವಳ ಎದುರು ಬೇರೆ ಹೆಸರು ಹೇಳುವ ಗುಂಡಿಗೆ ಯಾರಿಗಿತ್ತು?

ಸಭೆ ಪ್ರಾಥಮಿಕ ಶಾಲೆಯ ಒಂದು ಕೋಣೆಯಲ್ಲಿ. ಗಣ್ಯರೆಲ್ಲ ಪುಟಾಣಿ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರು. ಯಾರೂ ಯಾರನ್ನೂ ಏಕವಚನದಲ್ಲಿ ಕರೆಯಬಾರದು, ಹೇಳಬೇಕಾದ್ದನ್ನು ನೇರವಾಗಿ ಅವರಿಗೇ ಹೇಳಬೇಕು ಎಂದು ಅಧಿಕಾರಿ ಮೊದಲೇ ತಿಳಿಸಿದ್ದಳು.

ಭಾವ ಎದ್ದು ತನ್ನ ಕನಸು ಬಿಚ್ಚಿಟ್ಟ. ಬಯಲಿನ ನಡುವೆ ಮೂರಂತಸ್ತಿನ ಅಂಗಡಿ ಸಾಲು, ಹಿಂದೆ ಮನೆಗಳು. ಬ್ರೇಕಮ್ಮ ಕೇಳಿದಳು, ಅಷ್ಟು ಅಂಗಡಿಗೆ ಬರೋ ಜನ ಗಾಡಿಯನ್ನ ಎಲ್ಲಿ ನಿಲ್ಲಿಸ್ತಾರೆ, ತಲೆ ಮೇಲಾ ಅಂತ.

ಭಾವನ ಮುಖ ಕೆಂಪಾಯಿತು. ಅಭ್ಯಾಸಬಲ, ಪಕ್ಕಕ್ಕೆ ತಿರುಗಿ, "ಅವಳಿಗೆ ಹೇಳು..." ಅಂದ. ಪಕ್ಕದಲ್ಲಿ ಅಕ್ಕ ಇರಲಿಲ್ಲ. ಟೈಲ್ಸ್ ವ್ಯಾಪಾರಿ ಇದ್ದ, ಅವನೂ ಜಮೀನಿನವನೇ. ಅವನು ಕಣ್ಣು ಪಿಳಿಪಿಳಿ ಬಿಟ್ಟ.

"ಯಾರಿಗೆ ಹೇಳಬೇಕು ಸರ್?" ಅಧಿಕಾರಿ ಕರ್ಚೀಫಿನೊಳಗಿಂದ ಕೇಳಿದಳು.

ಭಾವ ಬ್ರೇಕಮ್ಮನ ಕಡೆಗೆ ತಿರುಗಿದ. "ನೀವು," ಅಂದ ಕೊನೆಗೆ, ಕಹಿ ಗುಳಿಗೆ ನುಂಗಿದವನ ಹಾಗೆ, "ನೀವು ಆ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ."

ಅಕ್ಕನ ಮದುವೆಯಾದಾಗಿನಿಂದ ಭಾವನ ಬಾಯಲ್ಲಿ ಅವಳಿಗೆ ಸಂದ ಮೊದಲ ಬಹುವಚನ ಅದು. ಆ ಖುಷಿಯಲ್ಲಿ ಅವಳಿಗೆ ಮುಂದಿನ ಪ್ರಶ್ನೆಯೇ ಮರೆತುಹೋಯಿತಂತೆ.

ಇನ್ನೊಂದು ವಿಷಯ ಅವತ್ತೇ ಬಂತು. ರಸ್ತೆಗೆ, ಚರಂಡಿಗೆ, ಆಟದ ಜಾಗಕ್ಕೆ ಹೋಗುವ ನೆಲವನ್ನು ಎಲ್ಲ ಒಡೆಯರೂ ಅವರವರ ಪಾಲಿಗೆ ತಕ್ಕ ಹಾಗೆ ಬಿಟ್ಟುಕೊಡಬಹುದಲ್ಲ ಅಂತ ಅಧಿಕಾರಿ ಕೇಳಿದಳು. ಭಾವ ಒಪ್ಪಲಿಲ್ಲ. ಯಾರ ತುಂಡಿನಲ್ಲಿ ಏನು ಬರುತ್ತದೋ ಅದು ಅವರವರ ಹಣೆಬರಹ ಅಂದ. ಬರುವುದೆಲ್ಲ ಟೈಲ್ಸ್ ವ್ಯಾಪಾರಿಯ ತುಂಡಿಗೇ ಬರುತ್ತದೆ ಅಂತ ಅವನ ಲೆಕ್ಕ.

ಬ್ರೇಕಮ್ಮನ ಸರದಿ ಬಂದಾಗ ಅವಳು ಉದ್ದಕ್ಕೆ ಮಾತಾಡಿದಳು. ಮಕ್ಕಳಿಗೆ ಆಟ ಬೇಕು, ವಯಸ್ಸಾದವರಿಗೆ ಗಾಳಿ ಬೇಕು, ಬಯಲು ಬಯಲಾಗಿಯೇ ಇರಲಿ. ಕೆಲವರು ಚಪ್ಪಾಳೆ ತಟ್ಟಿದರು. ಆಗ ಹಿಂದಿನ ಬೆಂಚಿನಿಂದ ನಿವೃತ್ತ ನರ್ಸಮ್ಮ ಎದ್ದಳು. ಬಯಲಿನ ಅಂಚಿನಲ್ಲೇ ಅವಳ ಮನೆ. ಮಳೆ ಬಂದರೆ ಚರಂಡಿ ನೀರು ನೇರ ಅಡುಗೆಮನೆಗೆ.

"ಮಕ್ಕಳು ಅಲ್ಲಿ ಆಡೋದು ನಿನ್ನ ಕಾರು ಇಲ್ಲದಾಗ ಮಾತ್ರ ಕಣಮ್ಮ," ಅಂದಳು. ಬಹುವಚನದ ನಿಯಮ ನರ್ಸಮ್ಮನಿಗೆ ಅನ್ವಯಿಸುತ್ತಿರಲಿಲ್ಲ. ಬೀದಿಯ ಎಲ್ಲರಿಗೂ ಅವಳು ಇಂಜೆಕ್ಷನ್ ಚುಚ್ಚಿದ್ದಳು. "ನಿನಗೆ ಬೇಕಿರೋದು ಕಾರಿಗೆ ಜಾಗ. ಅದನ್ನ ಮಕ್ಕಳ ಹೆಸರಲ್ಲಿ ಕೇಳಬೇಡ. ನನಗೆ ಬೇಕಿರೋದು ಚರಂಡಿ. ನಾನು ಚರಂಡಿ ಅಂತಾನೇ ಕೇಳ್ತಿದೀನಿ."

ಅವತ್ತು ಮನೆಗೆ ಬಂದ ಬ್ರೇಕಮ್ಮ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಗಂಡ ಏನಾಯಿತು ಅಂತ ಕೇಳಿದ. ನರ್ಸಮ್ಮನಿಗೆ ಅರಳುಮರಳು ಅಂದಳು. ನರ್ಸಮ್ಮ ಏನಂದಳು ಅಂತ ಕೇಳಿದ. ಹೇಳಿದಳು. ಅವನು, ಅರಳುಮರಳಿಗೆ ನಮ್ಮಂಗಡಿಯಲ್ಲಿ ಮಾತ್ರೆ ಇದೆ, ಆದರೆ ಇದು ಅದಲ್ಲ ಅನ್ನಿಸುತ್ತೆ ಅಂದ.

ಮುಂದಿನ ಸಭೆ ಬಯಲಿನಲ್ಲೇ. ಹಿಂದಿನ ದಿನ ಚೆನ್ನಾಗಿ ಮಳೆ ಸುರಿದಿತ್ತು. ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದೇ ವಾದ. ತನ್ನ ತುಂಡಿನಲ್ಲಿ ನಿಲ್ಲುವುದೇ ಇಲ್ಲ, ಅಂಗಡಿಗೆ ಹೇಳಿ ಮಾಡಿಸಿದ ನೆಲ ಅಂತ ಭಾವ ವಾದಿಸಿದ. ವಿಚಿತ್ರವೆಂದರೆ ಬ್ರೇಕಮ್ಮನೂ ಅದನ್ನೇ ಹೇಳಿದಳು. ಇಷ್ಟು ವರ್ಷ ಓಡಿಸಿದ್ದೇನೆ, ಈ ನೆಲದ ಒಂದೊಂದು ಗುಂಡಿಯೂ ನನಗೆ ಗೊತ್ತು, ಚರಂಡಿ ಇಲ್ಲಿ ಬೇಕಿಲ್ಲ, ಆಚೆ ಅಂಚಿನಲ್ಲಿ ಆಗಲಿ ಅಂದಳು. ಕಾರಿನ ಜಾಗ ಉಳಿಸಿಕೊಳ್ಳುವ ಆಸೆ ಇನ್ನೂ ಬಿಟ್ಟಿರಲಿಲ್ಲ. ಬೇಕಾದರೆ ತೋರಿಸುತ್ತೇನೆ ಅಂತ ಅಧಿಕಾರಿಯನ್ನು ಮುಂದೆ ಕೂರಿಸಿ, ಹಿಂದಿನ ಬಾಗಿಲು ತೆಗೆದು, "ಬನ್ನಿ ಭಾವ, ಕೂತ್ಕೊಳ್ಳಿ" ಅಂದಳು. ಭಾವ ಅತ್ತ ಇತ್ತ ನೋಡಿ ಹಿಂದಿನ ಸೀಟಿನಲ್ಲಿ ಕೂತ.

ಕಾರು ಬಯಲಿನ ನಡುವಿಗೆ ಬಂತು, ಮುಂದಿನ ಚಕ್ರ ಬುಳಕ್ಕನೆ ಇಳಿಯಿತು. ಗೇರು ಬದಲಿಸಿದಳು, ಇನ್ನಷ್ಟು ಇಳಿಯಿತು. ಅದು ಭಾವನ ಅಂಗಡಿ ಸಾಲಿನ ಸರಿಯಾದ ನಡುಮಧ್ಯ. ಇಸ್ತ್ರಿ ಬಟ್ಟೆಯ ಜಮೀನುದಾರರೆಲ್ಲ ಪ್ಯಾಂಟು ಮಡಿಸಿ ತಳ್ಳಲು ಬಂದರು. ಭಾವನೂ ಇಳಿದು ತಳ್ಳಿದ. ಅವಳು ಆಕ್ಸಿಲರೇಟರ್ ಒತ್ತಿದಳು, ಚಕ್ರ ಗಿರ್ರೆಂದು ತಿರುಗಿ ಭಾವನ ಬಿಳಿ ಶರ್ಟಿಗೆ ಕೆಸರೆಲ್ಲ ಎರಚಿತು. ಬೇಕಂತಲೇ ಮಾಡಿದ್ದಲ್ಲ ಅಂತ ಅವಳು ಈಗಲೂ ಹೇಳುತ್ತಾಳೆ. ನಂಬುವವರು ಕಡಿಮೆ.

"ನಾನು ಹೇಳ್ತಾನೇ ಇದ್ದೆ," ಅಂದಳು ನರ್ಸಮ್ಮ, ಒಣಗಿದ ಕಡೆ ನಿಂತುಕೊಂಡು.

ಚರಂಡಿ ಅಲ್ಲೇ ಹೋಗಬೇಕು ಎನ್ನುವುದಕ್ಕೆ ಆಮೇಲೆ ಯಾರದೂ ತಕರಾರಿರಲಿಲ್ಲ. ಮುಂದಿನ ಸಭೆಯಲ್ಲಿ ಟೈಲ್ಸ್ ವ್ಯಾಪಾರಿ ಹಿಗ್ಗಿನಿಂದ ಊದಿಕೊಂಡಿದ್ದ. ನೀರು ಭಾವನ ತುಂಡಿನಲ್ಲಿ, ಚರಂಡಿ ಭಾವನ ತುಂಡಿನಲ್ಲಿ, ಹಣೆಬರಹ ಭಾವನದ್ದು. ಉಳಿದ ಒಡೆಯರೂ ತಲೆಯಾಡಿಸಿದರು. ಭಾವ ತಲೆ ತಗ್ಗಿಸಿ ಮಕ್ಕಳ ಬೆಂಚಿನ ಮೇಲೆ ಯಾರೋ ಕೆತ್ತಿದ್ದ ಅಕ್ಷರಗಳನ್ನು ಓದುತ್ತಾ ಕೂತ. ತಾನೇ ಆಡಿದ ಮಾತು, ಈಗ ಏನಂತ ವಾದಿಸುವುದು?

ಬ್ರೇಕಮ್ಮ ಅವನನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಿಂದ ಕಾಯುತ್ತಿದ್ದ ದೃಶ್ಯ ಕಣ್ಣೆದುರಿಗೇ ಇತ್ತು, ಆದರೆ ಯಾಕೋ ರುಚಿಸಲಿಲ್ಲ. ಎದ್ದು ನಿಂತಳು.

"ಹರಿಯೋದು ಎಲ್ಲರ ನೀರು. ಹೋಗೋದು ಇವರೊಬ್ಬರ ನೆಲ. ಇದ್ಯಾವ ನ್ಯಾಯ? ಎಲ್ಲರೂ ಸ್ವಲ್ಪ ಸ್ವಲ್ಪ ಬಿಡಿ. ಉಳಿದದ್ದನ್ನ ಒಟ್ಟು ಹಾಕಿ ಮತ್ತೆ ಹಂಚ್ಕೊಳ್ಳಿ. ರಸ್ತೆ ಬಂದ ಮೇಲೆ ಬೆಲೆ ಏರೋದು ಎಲ್ಲರದ್ದೂ ತಾನೇ?"

ಟೈಲ್ಸ್ ವ್ಯಾಪಾರಿ ಸಿಟ್ಟಿನಿಂದ ಎದ್ದು ಹೊರಗೆ ಹೋದ. ಚಪ್ಪಲಿ ಬೆಂಚಿನ ಕೆಳಗೇ ಉಳಿದಿತ್ತು, ಹಾಗಾಗಿ ಒಳಗೆ ಬರಬೇಕಾಯಿತು. ಬಂದವನನ್ನು ಅಧಿಕಾರಿ ಕೂರಿಸಿ ಟೀ ಕೊಟ್ಟಳು. ಟೀ ಆರುವ ಮೊದಲು ಅವನು ಮೂಲೆ ಸೈಟು ಕೇಳಿದ, ಆರಿದ ಮೇಲೆ ಒಪ್ಪಿದ. ಮೂಲೆ ಸೈಟು ಸಿಗಲಿಲ್ಲ.

ಅಕ್ಕನ ಹೆಣ್ಣುಮಕ್ಕಳ ಪಾಲು ಹಾಳಾಗಬಾರದು ಅಂತ ಹಾಗೆ ಮಾತಾಡಿದೆ, ಭಾವನ ಮೇಲೆ ಪ್ರೀತಿ ಉಕ್ಕಿ ಅಲ್ಲ ಅಂತ ಬ್ರೇಕಮ್ಮ ಆಮೇಲೆ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದಳು.

ನಕ್ಷೆ ಮುಗಿಯಿತು. ನಡುವೆ ಮುಚ್ಚಿದ ಚರಂಡಿ, ಅದರ ಪಕ್ಕಕ್ಕೆ ರಸ್ತೆ, ಕಾಲುದಾರಿ, ಆಟದ ಜಾಗ. ಭಾವನಿಗೆ ಅಂಗಡಿ ಸಿಕ್ಕವು, ಅಂದುಕೊಂಡಷ್ಟಲ್ಲ. ಬ್ರೇಕಮ್ಮನಿಗೆ ಏನೂ ಸಿಗಲಿಲ್ಲ. ಕೊನೆಯ ಸಭೆಯಲ್ಲಿ ಭಾವ ಎದ್ದು, ಅವರಿಗೆ ಬೆಳಗಿನ ಹೊತ್ತು ಹೊಸ ರಸ್ತೆಯಲ್ಲಿ ಕಾರು ಕಲಿಸಲು ಬಿಡಬೇಕು ಅಂತ ಕೇಳಿಕೊಂಡ. ನಿಯಮದಲ್ಲಿ ಇಲ್ಲ ಅಂದಳು ಅಧಿಕಾರಿ, ಮೂಗೊರೆಸಿಕೊಂಡು. ಈಗ ಬ್ರೇಕಮ್ಮ ಕಲಿಯುವವರನ್ನು ಊರಾಚೆ ಮುಚ್ಚಿದ ಕಾರ್ಖಾನೆಯ ಹಿಂದಕ್ಕೆ ಕರೆದುಕೊಂಡು ಹೋಗುತ್ತಾಳೆ, ಪೆಟ್ರೋಲು ದುಡ್ಡು ಜಾಸ್ತಿ ಅಂತ ದಾರಿಯುದ್ದಕ್ಕೂ ಪುರಸಭೆಯನ್ನು ಬೈಯುತ್ತಾಳೆ.

ನರ್ಸಮ್ಮನ ಅಡುಗೆಮನೆ ಒಣಗಿದೆ. ಭಾವ ನಾದಿನಿಯರು ಮಾತಾಡುತ್ತಾರೆ, ಆದರೆ ಮನೆಯಲ್ಲೂ "ನೀವು, ತಾವು" ಅಂತಲೇ, ಸಭೆಯಲ್ಲಿದ್ದ ಹಾಗೆ. ಇದಕ್ಕಿಂತ ಜಗಳವೇ ವಾಸಿಯಿತ್ತು ಅನ್ನುತ್ತಾಳೆ ಅಕ್ಕ.

ಆಚೆ ಬಡಾವಣೆಯಲ್ಲೂ ಇಂಥದೇ ಯೋಜನೆ ಶುರುವಾದಾಗ ಅನುಭವ ಹೇಳಿ ಅಂತ ಬ್ರೇಕಮ್ಮನನ್ನು ಕರೆಸಿದರು. ಅವಳು ಮೈಕು ಹಿಡಿದು, "ಮೊದಲು ಯಾರ್ಯಾರಿಗೆ ಏನು ಬೇಕು ಅಂತ ನಾಚಿಕೆ ಬಿಟ್ಟು ಹೇಳಿಬಿಡಿ. ಮಕ್ಕಳು ಮುದುಕರ ಹೆಸರು ಆಮೇಲೆ ಎತ್ತೋಣ" ಅಂದು ಕೆಳಗಿಳಿದಳು. ಮತ್ತೆ ಯಾರೂ ಕರೆದಿಲ್ಲ.