ಉಟ್ಟ ಬಟ್ಟೆ ಯಾವುದು?

ಬೆಳಗಿನ ಐದೂವರೆ. ರಂಗಮಂದಿರದ ಹಿಂಬಾಗಿಲ ಪಕ್ಕ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಸೂಜಿಯಕ್ಕ ಬಿಳಿ ಅಂಗಿಯೊಂದರ ತೋಳನ್ನು ಹಲಗೆಯ ಮೇಲೆ ಹರವಿ, ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಭುಜದಿಂದ ಮಣಿಕಟ್ಟಿನವರೆಗೆ ಒಂದೇ ಉಸಿರಿಗೆ ಎಳೆಯುತ್ತಾರೆ. ತೋಳಿನ ಗೆರೆ ಚಾಕುವಿನ ಅಲುಗಿನಂತೆ ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೂ ಆರು ಅಂಗಿಗಳು ಸರದಿ ಕಾಯುತ್ತಿವೆ. ಇವನ್ನೆಲ್ಲ ತೊಟ್ಟು ಇವತ್ತು ಮಧ್ಯಾಹ್ನ ನಾಲ್ಕಕ್ಕೆ ರಂಗದ ಮೇಲೆ ಬರುವವರು ವಕೀಲರಲ್ಲ, ಮದುಮಕ್ಕಳೂ ಅಲ್ಲ. ಮನೆಯಿಲ್ಲದ, ಕೆಲಸವೂ ಇಲ್ಲದ ಏಳು ಪಾತ್ರಗಳು.

ಇಷ್ಟು ಬೇಗ ಬರುವುದಕ್ಕೆ ಕಾರಣ ಶ್ರದ್ಧೆಯಲ್ಲ, ಫ್ಯೂಸು. ಅಕ್ಕನ ಇಸ್ತ್ರಿ ಪೆಟ್ಟಿಗೆಯೂ ರಂಗದ ದೀಪಗಳೂ ಒಟ್ಟಿಗೆ ಉರಿದರೆ ಇಡೀ ಕಟ್ಟಡ ಕತ್ತಲಾಗುತ್ತದೆ. ಎಂಟಕ್ಕೆ ತಾಲೀಮು ಶುರು, ಹನ್ನೊಂದರೊಳಗೆ ಮುಗಿಯಲೇಬೇಕು. ಈ ನಾಟಕದ ನಟರಲ್ಲಿ ಹೆಚ್ಚಿನವರು ಆಮೇಲೆ ಕೆಲಸ ಹುಡುಕಲು ಹೋಗುವವರು.

ಅಕ್ಕನಿಗೆ ಐವತ್ತಮೂರು ವರ್ಷ. ಕಾಲರಿನ ಹಿಂದೆ ಸದಾ ದಾರ ಪೋಣಿಸಿದ ಎರಡು ಸೂಜಿ ಚುಚ್ಚಿಕೊಂಡಿರುವುದರಿಂದ ಈ ಹೆಸರು. ಪ್ರೀತಿಯಿಂದ ತಬ್ಬಿಕೊಳ್ಳಲು ಬಂದ ನಟರು ಒಂದೇ ಸಲ ಬರುತ್ತಾರೆ. ಹದಿನಾಲ್ಕು ವರ್ಷದಿಂದ ಈ ಮಂದಿರದ ಬಟ್ಟೆಬರೆ ಇವರ ಪಾಲು. ದಿನಕ್ಕೆ ಇಪ್ಪತ್ತೆರಡು ಬಟ್ಟೆ ಇಸ್ತ್ರಿ, ಹತ್ತು ಹನ್ನೆರಡು ಗುಂಡಿ, ಒಂದೆರಡು ಜಿಪ್ಪು, ಜೊತೆಗೆ ರಾಜನ ಪಾತ್ರದವರ ಸೊಂಟಪಟ್ಟಿ ವರ್ಷಕ್ಕೊಮ್ಮೆ ಬಿಚ್ಚಿ ಸಡಿಲ ಮಾಡುವ ಕೆಲಸ. "ಹೊಟ್ಟೆ ಬೆಳೀತು ಅಂತ ಯಾವ ರಾಜನೂ ಇವತ್ತಿನವರೆಗೆ ಒಪ್ಪಿಲ್ಲ. ಹದಿನಾಲ್ಕು ವರ್ಷದಿಂದ ಇಲ್ಲಿ ಬಟ್ಟೆನೇ ಕುಗ್ತಿರೋದು" ಎನ್ನುತ್ತಾರೆ ಅಕ್ಕ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ನಾಟಕದ ಬಟ್ಟೆಯವರಿಗೆ ಒಗೆಯುವುದಕ್ಕಿಂತ ಕೊಳೆ ಮಾಡುವುದೇ ದೊಡ್ಡ ವಿದ್ಯೆ. ಹೊಸ ಅಂಗಿಯನ್ನು ಹತ್ತು ವರ್ಷ ಹಳೆಯದಾಗಿಸಲು ಅಕ್ಕನಿಗೆ ಎರಡು ದಿನ ಸಾಕು. ಮೊಣಕೈಗೆ ಮರಳುಕಾಗದ, ಕಂಕುಳಿಗೆ ಚಹಾದ ಡಿಕಾಕ್ಷನ್, ಕಾಲರಿಗೆ ಎಣ್ಣೆಯಲ್ಲಿ ಕಲಸಿದ ಬೂದಿ. ಈ ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಅದೇ ವಿದ್ಯೆ ಈ ಸಲ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿತು.

ಈಗಿನ ನಾಟಕವನ್ನು ಯಾರೂ ಬರೆದಿಲ್ಲ. ಏಳು ಜನ ಸುತ್ತ ಕುರ್ಚಿ ಹಾಕಿಕೊಂಡು ಕೂತು, ತಾವು ಕಂಡದ್ದು ಕೇಳಿದ್ದನ್ನು ಹೇಳಿ, ಆಡಿ ನೋಡಿ, ಬೇಡದ್ದನ್ನು ಬಿಟ್ಟು, ಎರಡು ತಿಂಗಳಲ್ಲಿ ಕಟ್ಟಿದ್ದು. ವಿಷಯ, ನಿರುದ್ಯೋಗ ಮತ್ತು ಮನೆಯಿಲ್ಲದವರ ಬದುಕು. ಇಲ್ಲಿ ನಿರ್ದೇಶಕರಿಲ್ಲ, ಎಲ್ಲರೂ ಸಮಾನರು. ಹಾಗೆಂದು ದಿನಕ್ಕೆ ನಾಲ್ಕು ಸಲ ಹೇಳುವವರನ್ನು ಎಲ್ಲರೂ ಮೇಡಂ ಎಂದು ಕರೆಯುತ್ತಾರೆ. ಮುಖ್ಯ ಪಾತ್ರ ಲಾರಿಯಣ್ಣನದು. ಇಪ್ಪತ್ತು ವರ್ಷ ಲಾರಿ ಓಡಿಸಿ, ಹೋದ ವರ್ಷ ಸ್ಟಿಯರಿಂಗ್ ಬಿಟ್ಟಿಳಿದವರು. ಗುಂಪಿನಲ್ಲಿ ಕೆಲಸ ಕಳೆದುಕೊಂಡವರು ಐವರು. ಮನೆ ಕಳೆದುಕೊಂಡವರು ಯಾರೂ ಇಲ್ಲ. ಹಾಗೆಂದೇ ಎಲ್ಲರೂ ತಿಳಿದಿದ್ದರು. ಅಕ್ಕ ಸುತ್ತಿನ ಹೊರಗೆ, ಕಿಟಕಿಯ ಪಕ್ಕ ಗುಂಡಿ ಹಚ್ಚುತ್ತ ಕೂರುತ್ತಿದ್ದರು. ಅವರನ್ನು ಬೇಡ ಎಂದವರಿಲ್ಲ, ಬಾ ಎಂದವರೂ ಇಲ್ಲ.

"ಇನ್ನೂ ಕೊಳೆ ಬೇಕು ಅಕ್ಕ. ನೋಡಿದವರ ಕರುಳು ಚುರುಕ್ ಅನ್ಬೇಕು" ಎಂದು ಮೇಡಂ ಹೇಳಿದ್ದರು. "ಕರುಳಿಗೆ ಎಷ್ಟು ಚಹಾಪುಡಿ ಹಿಡಿಯುತ್ತೆ ಅಂತ ಗೊತ್ತಾಗಲಿಲ್ಲ. ಒಂದು ಪೊಟ್ಟಣ ಪೂರ್ತಿ ಸುರಿದೆ" ಎಂದು ಅಕ್ಕ ನೆನೆಯುತ್ತಾರೆ. ಏಳು ಅಂಗಿಗೆ ಒಂಬತ್ತು ದಿನ ಹಿಡಿಯಿತು.

ಮೊದಲ ಪ್ರದರ್ಶನ ನಡೆದದ್ದು ಮನೆಯಿಲ್ಲದವರು ತಂಗುವ ಶೆಲ್ಟರ್ ಒಂದರ ಊಟದ ಹಾಲಿನಲ್ಲಿ, ಅಲ್ಲಿನ ನಲವತ್ತು ಜನರ ಮುಂದೆ. ಎಲ್ಲರೂ ಮರ್ಯಾದೆಯಿಂದ ಕೂತು ನೋಡಿದರು, ಮರ್ಯಾದೆಗೆಂದೇ ಚಪ್ಪಾಳೆ ತಟ್ಟಿದರು. ಆಮೇಲೆ ಸಂವಾದ. ಮುಂದಿನ ಸಾಲಿನಿಂದ ಒಬ್ಬರು ಎದ್ದರು. ಅವರ ಪ್ಯಾಂಟಿನ ಗೆರೆಯಲ್ಲಿ ಕಾಗದ ಕತ್ತರಿಸಬಹುದಿತ್ತು.

"ಚೆನ್ನಾಗಿತ್ತು. ನಮ್ಮ ಕತೆ ಆಡ್ತೀವಿ ಅಂದಿದ್ರಿ. ನಾವು ಯಾವಾಗ ಬರ್ತೀವಿ ಅಂತ ಕಾಯ್ತಾ ಕೂತಿದ್ದೆ. ಬರಲೇ ಇಲ್ಲವಲ್ಲ" ಎಂದು ಹೇಳಿ ಕೂತರು.

ಮರುದಿನ ಬೆಳಗ್ಗೆ ಸುತ್ತಿನಲ್ಲಿ ಚರ್ಚೆ ಕಾವೇರಿತು. ಇದು ಪ್ರೇಕ್ಷಕರ ಪ್ರತಿರೋಧ, ಒಳ್ಳೆಯ ಲಕ್ಷಣ ಎಂದು ಮೇಡಂ ವಿವರಿಸಿದರು. ಲಾರಿಯಣ್ಣನಿಗೆ ಅಷ್ಟು ಸಮಾಧಾನವಿರಲಿಲ್ಲ. "ಬಿಡಿ ಮೇಡಂ, ಆಯಪ್ಪನಿಗೆ ಕಲೆ ಅಂದ್ರೇನು ಗೊತ್ತಿಲ್ಲ" ಎಂದರು.

"ಗೊತ್ತಿದೆ. ಅದಕ್ಕೇ ಮೈಮೇಲೆ ಒಂದೂ ಬಿಟ್ಕೊಂಡಿಲ್ಲ."

ಮಾತು ಬಂದದ್ದು ಕಿಟಕಿಯ ಕಡೆಯಿಂದ. ಹದಿನಾಲ್ಕು ವರ್ಷದಲ್ಲಿ ಅಕ್ಕ ತಾಲೀಮಿನ ನಡುವೆ ಬಾಯಿ ಹಾಕಿದ್ದು ಅದೇ ಮೊದಲು. "ನಿಮಗೆ ಹೇಗೆ ಗೊತ್ತು ಅಕ್ಕ?" ಎಂದು ಲಾರಿಯಣ್ಣ ಕೇಳಿದರು. ಅಕ್ಕ ದಾರವನ್ನು ಹಲ್ಲಿನಿಂದ ಕಡಿದು, "ಒಬ್ಬರನ್ನ ಕೇಳಿ ಹೇಳ್ತೀನಿ" ಎಂದು ಎದ್ದು ಹೋದರು.

ಕೇಳಬೇಕಾಗಿದ್ದದ್ದು ಮಗಳನ್ನು. ಅಕ್ಕ ಅಂಗಿ ಕಾರ್ಖಾನೆಯೊಂದರಲ್ಲಿ ಕಾಲರ್ ಹೊಲಿಯುತ್ತಿದ್ದವರು. ಗಂಡ ತೀರಿಕೊಂಡ ಮರುವರ್ಷ ಕಾರ್ಖಾನೆ ಮುಚ್ಚಿತು. ಬಾಡಿಗೆ ಮನೆಗೆ ಮಾಲೀಕರು ಬೇರೆ ಬೀಗ ಹಾಕಿದರು. ಒಂಬತ್ತು ವರ್ಷದ ಮಗಳ ಕೈ ಹಿಡಿದು ಅಕ್ಕ ಬಸ್ ನಿಲ್ದಾಣಕ್ಕೆ ಬಂದರು. ಅಲ್ಲಿದ್ದದ್ದು ಹನ್ನೊಂದು ತಿಂಗಳು.

"ಉಟ್ಟ ಬಟ್ಟೆಯಲ್ಲೇ ಹೊರಬಿದ್ದರು ಅಂತ ಎಲ್ಲರೂ ಬರೀತಾರೆ. ಆ ಉಟ್ಟ ಬಟ್ಟೆ ಯಾವುದು ಅಂತ ಯಾರೂ ಕೇಳಲ್ಲ" ಎನ್ನುತ್ತಾರೆ ಅಕ್ಕ. "ನಂದು ನೀಲಿ ಅಂಗಿ. ಹನ್ನೊಂದು ತಿಂಗಳು ಅದನ್ನ ನೀಲಿಯಾಗೇ ಇಟ್ಕೊಂಡೆ. ಕೊಳೆ ಅಂಗಿಯವರನ್ನ ಬೆಂಚಿನಿಂದ ಎಬ್ಬಿಸಿ ಕಳಿಸ್ತಾರೆ. ಇಸ್ತ್ರಿ ಅಂಗಿಯವರು ಬಸ್ಸಿಗೆ ಕಾಯ್ತಿದ್ದಾರೆ ಅಂದ್ಕೋತಾರೆ. ಅಂಗಿನೇ ನಮಗೆ ಬಾಗಿಲು, ಅಂಗಿನೇ ಚಿಲಕ."

ಇಪ್ಪತ್ತಮೂರು ಕಡೆ ಕೆಲಸ ಕೇಳಿದ್ದಾಯಿತು. ಇಪ್ಪತ್ತನಾಲ್ಕನೆಯದು ಈ ಮಂದಿರ. ಅಂದಿನ ಮ್ಯಾನೇಜರು ಅರ್ಜಿಯನ್ನು ನೋಡದೆ ಅಕ್ಕನ ಕಾಲರನ್ನು ನೋಡಿ, ಇದನ್ನು ಹೊಲಿದವರು ಯಾರು ಎಂದು ಕೇಳಿದರು. ನಾನೇ ಎಂದರು ಅಕ್ಕ. ಒಂದು ಕೋಣೆಯ ಮನೆ ಸಿಕ್ಕ ದಿನ, ಇನ್ನು ಮುಂದೆ ಆ ನಿಲ್ದಾಣದ ವಿಷಯ ಯಾರಿಗೂ ಹೇಳಬಾರದು ಎಂದು ಮಗಳು ಕೈಮೇಲೆ ಕೈ ಹಾಕಿಸಿಕೊಂಡು ಮಾತು ತೆಗೆದುಕೊಂಡಳು. ಅಂದಿನಿಂದ ಮನೆಯ ಒಳಗೂ ಆ ಮಾತಿಗೆ ಜಾಗವಿರಲಿಲ್ಲ.

ಆ ಮಗಳಿಗೆ ಈಗ ಇಪ್ಪತ್ತನಾಲ್ಕು, ಶಾಲೆಯಲ್ಲಿ ಗಣಿತದ ಟೀಚರು. ಅಕ್ಕ ಕೇಳಿದಾಗ ಅವಳ ಮುಖ ಕೆಂಪಾಯಿತು. "ನಿನ್ನ ನಾಟಕಕ್ಕೆ ನಾನೇ ಸಿಕ್ಕಿದ್ನಾ ಅಮ್ಮ? ನಾಳೆ ಆ ಮಕ್ಕಳ ಮುಂದೆ ಹೇಗೆ ನಿಂತ್ಕೊಳ್ಲಿ?"

"ಆಯ್ತು ಬಿಡು. ಹೇಳಲ್ಲ."

"ಹೇಳಲ್ಲ ಅಂತ ಹೇಳೋ ಮುಖ ನೋಡು."

ಮೂರು ದಿನ ಆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ನಾಲ್ಕನೆಯ ಬೆಳಗ್ಗೆ ಮಗಳು ಚಪ್ಪಲಿ ಮೆಟ್ಟುತ್ತ, ಬೆನ್ನು ತಿರುಗಿಸಿಯೇ, "ಹೇಳ್ಕೋ. ಆದ್ರೆ ಅದು ನೀನು ಅಂತ, ನಾನು ಅಂತ ಹೊರಗೆ ಬರಕೂಡದು" ಎಂದು ಹೇಳಿ ಹೊರಟಳು.

ಅಂದು ಅಕ್ಕ ಸುತ್ತಿನೊಳಗೆ ನಿಂತು ಹೇಳಿದ್ದು ಹೆಚ್ಚೇನಲ್ಲ. ಮಾತಿಗಿಂತ ಮಾಡಿ ತೋರಿಸಿದ್ದೇ ಜಾಸ್ತಿ. ಪ್ಯಾಂಟನ್ನು ತುಸು ಒದ್ದೆ ಮಾಡಿ, ಪತ್ರಿಕೆಯ ಹಾಳೆಗಳ ನಡುವೆ ಮಡಿಸಿ, ಅದರ ಮೇಲೆ ಮಗ್ಗುಲು ಬದಲಿಸದೆ ಮಲಗುವುದು. ಒತ್ತಿದಷ್ಟೇ ಹೊತ್ತು ನೀರು ಬಿಡುವ ನಲ್ಲಿಯನ್ನು ಮೊಣಕೈಯಿಂದ ಅದುಮಿ ಎರಡೂ ಕೈಯಲ್ಲಿ ಬಟ್ಟೆ ತಿಕ್ಕುವುದು. ಕೊನೆಗೆ, ಸ್ಟೀಲ್ ಲೋಟದಲ್ಲಿ ಬಿಸಿ ಚಹಾ ತರಿಸಿ, ಲೋಟದ ತಳವನ್ನು ಕಾಲರಿನ ಮೇಲೆ ನಿಧಾನವಾಗಿ ಉಜ್ಜಿದರು. "ಒಂದು ಚಹಾದಲ್ಲಿ ಎರಡು ಕೆಲಸ. ಮೊದಲು ಕಾಲರಿಗೆ, ಆಮೇಲೆ ಹೊಟ್ಟೆಗೆ." ಮೇಡಂ ಎದ್ದು ಹೋಗಿ ಎಂಟನೆಯ ಕುರ್ಚಿ ತಂದು ಹಾಕಿದರು.

ನಾಟಕ ಅರ್ಧಕ್ಕರ್ಧ ಬದಲಾಯಿತು. ಅಳುವ ಮಾತುಗಳು ಹೋದವು, ಕೊಳೆ ಅಂಗಿಗಳೂ ಹೋದವು. "ಒಂಬತ್ತು ದಿನ ಹಚ್ಚಿದ ಕೊಳೆ ತೆಗೆಯೋಕೆ ಹನ್ನೊಂದು ದಿನ ಹಿಡೀತು. ಅಷ್ಟು ಚೆನ್ನಾಗಿ ಹಚ್ಚಿದ್ದೆ" ಎನ್ನುವಾಗ ಅಕ್ಕನ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಹೆಮ್ಮೆಯೇ ತುಸು ಹೆಚ್ಚು. ಈಗ ನಾಟಕದ ನಡುವೆ ನಾಲ್ಕು ನಿಮಿಷ ಯಾರೂ ಮಾತಾಡುವುದಿಲ್ಲ. ಲಾರಿಯಣ್ಣ ಬೆಂಚಿನ ಮೇಲೆ ಕೂತು ಚಹಾದ ಲೋಟದಿಂದ ಕಾಲರ್ ಇಸ್ತ್ರಿ ಮಾಡಿ, ಆರಿದ ಚಹಾ ಕುಡಿದು, ಸಂದರ್ಶನಕ್ಕೆ ಹೊರಡುತ್ತಾರೆ. ಶೆಲ್ಟರಿನಲ್ಲಿ ಮತ್ತೆ ಆಡಿದಾಗ ಮುಂದಿನ ಸಾಲಿನ ಆ ಮನುಷ್ಯ ಪ್ರಶ್ನೆ ಕೇಳಲಿಲ್ಲ. ಲಾರಿಯಣ್ಣನ ಹತ್ತಿರ ಬಂದು, "ಲೋಟ ಅಷ್ಟು ಜೋರಾಗಿ ಒತ್ತಬೇಡಿ, ಚೆಲ್ಲುತ್ತೆ" ಎಂದು ತಿದ್ದಿ ಹೋದರು.

ಕಳೆದ ಭಾನುವಾರ ಮಂದಿರದಲ್ಲೇ ಪ್ರದರ್ಶನವಿತ್ತು. ಬರುವುದಿಲ್ಲ ಎಂದಿದ್ದ ಮಗಳು ಮೂರನೆಯ ಸಾಲಿನ ಅಂಚಿನಲ್ಲಿ ಕೂತಿರುವುದನ್ನು ಅಕ್ಕ ಪರದೆಯ ಸಂದಿನಿಂದ ಕಂಡರು. ನಾಟಕ ಮುಗಿದು, ನಟರು ಬಟ್ಟೆ ಬದಲಿಸಿ ಬಂದಮೇಲೆ ಸಂವಾದ ಶುರುವಾಯಿತು. ತಾವು ನಿವೃತ್ತ ಅಧಿಕಾರಿಯೆಂದು ಮೊದಲೇ ತಿಳಿಸಿದವರೊಬ್ಬರು ಎದ್ದು, ಆ ಲೋಟದ ದೃಶ್ಯ ಅತಿಯಾಯಿತು ಎಂದರು. "ತಲೆ ಮೇಲೆ ಸೂರಿಲ್ಲದವರು ಇಸ್ತ್ರಿಗೆ ತಲೆ ಕೆಡಿಸ್ಕೋತಾರೇನ್ರೀ? ಯಾರು ಹೇಳಿದ್ದು ನಿಮಗೆ ಇದನ್ನ?"

ಉತ್ತರ ಗೊತ್ತಿದ್ದ ಏಳು ಜನವೂ ಅಕ್ಕನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ನೆಲ ನೋಡಿದರು. ಲಾರಿಯಣ್ಣ ಕೆಮ್ಮಿದರು. ಮೇಡಂ ಪ್ರತೀಕ, ರೂಪಕ ಎಂದೇನೋ ಶುರು ಮಾಡಿದರು. ಅಷ್ಟರಲ್ಲಿ ಮೂರನೆಯ ಸಾಲಿನ ಅಂಚಿನಲ್ಲಿ ಮಗಳು ಎದ್ದು ನಿಂತಿದ್ದಳು.

"ನಮ್ಮಮ್ಮ ಹೇಳಿದ್ದು ಸರ್. ಇದೇ ಮಂದಿರದ ಬಟ್ಟೆ ನೋಡ್ಕೊಳ್ಳೋರು. ಅದರಲ್ಲಿ ಅತಿ ಏನೂ ಇಲ್ಲ, ಸ್ವಲ್ಪ ಕಮ್ಮಿನೇ ಇದೆ. ಚಹಾ ಅರ್ಧ ನನಗೆ ಕೊಡ್ತಿದ್ರು. ಅದನ್ನ ಇವರು ಬಿಟ್ಬಿಟ್ಟಿದ್ದಾರೆ."

ಅಧಿಕಾರಿಗಳು ಕೂತರು. ಆಮೇಲೆ ಸಭೆಯಲ್ಲಿ ಏನಾಯಿತೆಂದು ಅಕ್ಕನಿಗೆ ಗೊತ್ತಿಲ್ಲ. ಪರದೆಯ ಹಿಂದೆ ಅವರಿಗೆ ಅಂಗಿಗಳನ್ನು ಎಣಿಸುವ ಕೆಲಸವಿತ್ತು, ಅಂದು ಎಷ್ಟು ಸಲ ಎಣಿಸಿದರೂ ಆರೇ ಆಗುತ್ತಿದ್ದವು. ಏಳನೆಯದು ಅವರ ಹೆಗಲ ಮೇಲೇ ಇತ್ತು.

ಸಂಜೆ ಬಸ್ಸಿನಲ್ಲಿ ತಾಯಿ ಮಗಳು ಅಕ್ಕಪಕ್ಕ ಕೂತರು. ಎರಡನೆಯ ಸ್ಟಾಪು ದಾಟಿದಾಗ ಮಗಳು ಕೇಳಿದಳು.

"ಅಮ್ಮ, ನನ್ನ ಯೂನಿಫಾರ್ಮ್ ಎಲ್ಲಿ ಒಣಗಿಸ್ತಿದ್ದೆ?"

"ಬೇಕರಿ ಹಿಂದಿನ ಗೋಡೆ ಮೇಲೆ. ಬೆಳಗಿನ ಜಾವಕ್ಕೇ ಬಿಸಿ ಇರ್ತಿತ್ತು."

"ಅದಕ್ಕೇನಾ ಕ್ಲಾಸಲ್ಲಿ ಪಕ್ಕದವಳು, ನಿನ್ನ ಹತ್ರ ಬ್ರೆಡ್ ವಾಸನೆ ಬರುತ್ತೆ ಅಂತಿದ್ದಿದ್ದು? ನಾನು ಅವಳ ಜೊತೆ ವರ್ಷವೆಲ್ಲ ಮಾತು ಬಿಟ್ಟಿದ್ದೆ."

ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಸ್ನಾನ ಎಲ್ಲಿ, ಜ್ವರ ಬಂದಾಗ ಏನು ಮಾಡಿದೆ, ನೀನು ಯಾವಾಗ ನಿದ್ದೆ ಮಾಡ್ತಿದ್ದೆ. ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟರು.

"ಹದಿನಾಲ್ಕು ವರ್ಷ ಕೇಳದೇ ಇದ್ದಿದ್ದನ್ನೆಲ್ಲ ಒಂದೇ ಬಸ್ಸಲ್ಲಿ ಕೇಳಿದಳು" ಎನ್ನುತ್ತಾರೆ ಅಕ್ಕ, ಕೊನೆಯ ಅಂಗಿಯನ್ನು ಹ್ಯಾಂಗರಿಗೆ ಹಾಕುತ್ತ. "ಮಾತಲ್ಲಿ ನಮ್ಮ ಸ್ಟಾಪು ದಾಟಿಹೋಯ್ತು. ಮೂರು ಸ್ಟಾಪು ಹಿಂದಕ್ಕೆ ನಡ್ಕೊಂಡೇ ಬಂದ್ವಿ. ಬೇಜಾರೇನೂ ಆಗಲಿಲ್ಲ. ಹೋಗೋಕೆ ಮನೆ ಇತ್ತಲ್ಲ."