ರುದ್ರಪ್ಪ ಮಾವ ಕೊಡಿಸಿದ ಕೆಲಸ

ಯಾರನ್ನು ಏನೇ ಕೇಳಿದರೂ ಉತ್ತರ ಹೇಳುತ್ತಿದ್ದವರು ನಮ್ಮ ರುದ್ರಪ್ಪ ಮಾವ. ಬಸ್ಸಿನಲ್ಲಿ ಕಂಡಕ್ಟರ್ ಪಕ್ಕದ ಸೀಟಿನವನನ್ನು 'ಎಲ್ಲಿಗೆ?' ಅಂದರೆ 'ಸಕಲೇಶಪುರಕ್ಕೆ' ಅನ್ನುವುದು ಮಾವ. ಪಾಪ, ಆ ಮನುಷ್ಯ ಆಲೂರಿನಲ್ಲಿ ಇಳಿಯುವವನು. ಒಮ್ಮೆ ಹೆಂಡತಿ ಗಿರಿಜತ್ತೆಯನ್ನು ಹೊಟ್ಟೆನೋವೆಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು 'ಎಲ್ಲಮ್ಮ ನೋವು?' ಎಂದು ಕೇಳಿದರು. ಮಾವ ತಮ್ಮ ಹೊಟ್ಟೆಯ ಬಲಗಡೆ ಒತ್ತಿ ತೋರಿಸಿ, 'ಇಲ್ಲಿ ಸಾರ್, ಚುಚ್ಚಿದಂಗೆ ಆಯ್ತದೆ' ಅಂದರು. ಅತ್ತೆಗೆ ನೋವಿದ್ದದ್ದು ಎಡಗಡೆ. 'ಈ ಹೊಟ್ಟೆ ನಂದು ಅಂತ ಡಾಕ್ಟ್ರಿಗೆ ಒಪ್ಸೋ ಹೊತ್ಗೆ ನೋವೇ ಹೊಂಟೋಗಿತ್ತು' ಎಂದು ಅತ್ತೆ ಈಗಲೂ ಹೇಳುತ್ತಾರೆ.

ಮಾವ ನನ್ನ ಅಮ್ಮನ ತಮ್ಮ. ಕಾಳುಮೆಣಸಿನ ವ್ಯಾಪಾರ. ಎಸ್ಟೇಟುಗಳ ಸ್ಟೋರಿನಿಂದ ಮೆಣಸು ಕೊಂಡು ಸಕಲೇಶಪುರದ ಸಾಬರ ಮಂಡಿಗೆ ಹಾಕುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಯಾವಾಗಲೂ ನಾಲ್ಕು ಕಾಳು ಮೆಣಸು ಇರುತ್ತಿತ್ತು. ಮಾತಿನ ನಡುವೆ ಒಂದೊಂದನ್ನೇ ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿಯುವರು. ಈ ಬೆಟ್ಟಗಳಲ್ಲಿ ತಮಗೆ ಗೊತ್ತಿಲ್ಲದ ಎಸ್ಟೇಟ್ ರೈಟರಿಲ್ಲ, ತಮ್ಮ ಮಾತು ನಡೆಯದ ಮನೆಯಿಲ್ಲ ಎಂದು ನಂಬಿದ್ದರು. ಮೊದಲನೆಯದು ನಿಜ.

ನಾನು ಹಾಸನದಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದ ವರ್ಷ ನನ್ನ ಜೊತೆಯವರೆಲ್ಲ ಬೆಂಗಳೂರಿಗೆ ಹೊರಟರು. ನನಗೂ ಅಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ತಿಂಗಳ ಕೊನೆಗೆ ಹೋಗಿ ಸೇರಬೇಕಿತ್ತು. ನನಗೆ ಹೋಗಲು ಮನಸ್ಸಿರಲಿಲ್ಲ. ಕಾಲೇಜಿನಿಂದ ನಮ್ಮನ್ನು ವನಗೂರು ಕಡೆ ಹಳ್ಳಿ ಕೆಲಸಕ್ಕೆ ಕಳಿಸಿದ್ದಾಗ, ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದ್ದೆ. ಅವಳು ಮುಂದಿನ ವಾರ ಗುಡ್ಡ ಇಳಿದು ನಡೆದುಕೊಂಡೇ ಬಂದು, ಉಳಿದವರನ್ನೆಲ್ಲ ಬಿಟ್ಟು ನನ್ನ ಮುಂದೆ ಕಾಲು ಚಾಚಿ ಕೂತು, 'ನೀನೇ ಬಿಚ್ಚವ್ವ' ಅಂದಿದ್ದಳು. ಅಷ್ಟೇ ಕಾರಣ. ಅಷ್ಟಕ್ಕೇ ನನಗೆ ಇಲ್ಲೇ ಇರಬೇಕು ಅನ್ನಿಸಿಬಿಟ್ಟಿತ್ತು.

ಅಪ್ಪ ಖಡಾಖಂಡಿತವಾಗಿ ಹೇಳಿದರು: 'ತಿಂಗಳು ಮುಗಿಯೋದ್ರೊಳ್ಗೆ ಈ ಕಡೆ ಎಲ್ಲಾದ್ರೂ ಸಿಕ್ರೆ ಇರು. ಇಲ್ದಿದ್ರೆ ಬ್ಯಾಗು ಕಟ್ಕೊಂಡು ಬೆಂಗ್ಳೂರಿಗೆ ಹೊರಡು. ಓದ್ಸಿದ್ದು ಮನೇಲಿ ಕೂರ್ಸಾಕಲ್ಲ.'

ನಮ್ಮ ಕಡೆ ನರ್ಸ್ ಬೇಕಾಗಿದ್ದಾರೆ ಎಂದು ಯಾರೂ ಪೇಪರಿನಲ್ಲಿ ಹಾಕಿಸುವುದಿಲ್ಲ. ಸರ್ಕಾರಿ ಹುದ್ದೆಗೆ ಅರ್ಜಿ ಕರೆದಾಗ ಕರೆದ ಹಾಗೆ. 'ಇನ್ನೇನು ಕರೀತಾರೆ' ಎಂದು ಹೇಳುವವರು ಮಾತ್ರ ಪ್ರತಿ ಮದುವೆಮನೆಯಲ್ಲೂ ಸಿಗುತ್ತಾರೆ. ಉಳಿದದ್ದು ಎಸ್ಟೇಟಿನ ದವಾಖಾನೆ, ಪೇಟೆಯ ನರ್ಸಿಂಗ್ ಹೋಮು, ಬೆಳೆಗಾರರು ಸೇರಿಕೊಂಡು ನಡೆಸುವ ಚಿಕ್ಕ ಆಸ್ಪತ್ರೆ. ಅಲ್ಲಿ ಜಾಗ ಖಾಲಿಯಾದ ಸುದ್ದಿ ಜೀಪಿನಲ್ಲಿ ಬರುತ್ತದೆ. 'ಅಲ್ಲಿ ಸಿಸ್ಟರ್ ಬಿಟ್ಟೋದ್ರಂತೆ' ಎಂದು ಡ್ರೈವರ್ ಬೇಕರಿಯಲ್ಲಿ ಹೇಳುತ್ತಾನೆ, ಸಂಜೆಯೊಳಗೆ ಅದು ಮೆಣಸಿನ ಮಂಡಿಗೆ ಮುಟ್ಟುತ್ತದೆ. ಹಾಗಾಗಿ ಕೆಲಸ ಹುಡುಕುವುದೆಂದರೆ ರುದ್ರಪ್ಪ ಮಾವನನ್ನು ಹಿಡಿಯುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಮಾವ ಒಂದು ಕಾಳು ಕಡಿದು, 'ಆಗೋಯ್ತು ಅನ್ಕೊ' ಅಂದರು.

ಮೊದಲು ಹೋದದ್ದು ಆಲೂರಿನ ಒಂದು ನರ್ಸಿಂಗ್ ಹೋಮಿಗೆ. ಡಾಕ್ಟರು ನನ್ನ ಸರ್ಟಿಫಿಕೇಟು ನೋಡಿ ತಲೆದೂಗಿದರು. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಕೇಳಿದರು: 'ಇಷ್ಟು ಮಾರ್ಕ್ಸ್ ಇದೆ. ಬೆಂಗಳೂರು ಬಿಟ್ಟು ಇಲ್ಲಿಗ್ಯಾಕಮ್ಮ?'

ನಾನು ಬಾಯಿ ತೆರೆದೆ. ಮಾತು ಮಾವನದು ಬಂತು.

'ಬೆಂಗ್ಳೂರು ನೀರು ಇವ್ಳಿಗೆ ಒಗ್ಗಲ್ಲ ಸಾರ್. ಮೊದ್ಲಿಂದ್ಲೂ ವಸಿ ವೀಕು.'

ಡಾಕ್ಟರು ಎದ್ದು ಬಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಲಸ ಕೇಳಲು ಹೋದವಳು ರಕ್ತ ಹೆಚ್ಚಿಸುವ ಟಾನಿಕ್ಕಿನ ಚೀಟಿ ಹಿಡಿದುಕೊಂಡು ಹೊರಗೆ ಬಂದೆ. 'ಡಾಕ್ಟ್ರು ಎಷ್ಟು ಕಾಳ್ಜಿ ಮಾಡಿದ್ರು ನೋಡು' ಎಂದು ಮಾವ ದಾರಿಯುದ್ದಕ್ಕೂ ಮೆಚ್ಚಿಕೊಂಡರು.

ಎರಡನೆಯದು ಮಾರನಹಳ್ಳಿ ಹತ್ತಿರದ ಎಸ್ಟೇಟು. ಅಲ್ಲಿನ ದವಾಖಾನೆ ಎಂದರೆ ಸ್ಟೋರಿನ ಮೂಲೆಯ ಒಂದು ಕೋಣೆ. ಒಂದು ಗೋಡೆಗೆ ಗೊಬ್ಬರದ ಚೀಲ, ಇನ್ನೊಂದಕ್ಕೆ ರೋಗಿಯ ಮಂಚ. ಯಾವುದರ ವಾಸನೆ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಆದರೂ ಕೆಲಸ ಕೆಲಸವೇ. ಮ್ಯಾನೇಜರು ಕಾಲ ಮೇಲೆ ಕಾಲು ಹಾಕಿಕೊಂಡು ಅದೇ ಪ್ರಶ್ನೆ ಕೇಳಿದರು. ನಾನು ಈ ಸಲ ಮಾವನ ಕಾಲು ತುಳಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು ಮಾತು ಮುಂದಕ್ಕೆ ಬಿಟ್ಟರು.

'ಮದ್ವೆ ಈ ಕಡೇನೇ ಗೊತ್ತಾಗೈತೆ ಸಾರ್. ಹಂಗಾಗಿ ಎಲ್ಗೂ ಓಡೋಗಲ್ಲ, ಗ್ಯಾರಂಟಿ.'

'ಹಿಂದಿನವಳ ಮನೆಯವರೂ ಹೀಗೇ ಅಂದಿದ್ರು' ಅಂದರು ಮ್ಯಾನೇಜರು. 'ಮದುವೆ ಆಯ್ತು, ಬಸುರಿ ಆದ್ಲು, ಹೋದ್ಲು. ನಮಗೆ ಸಂಸಾರ ಇಲ್ಲದವರು ಬೇಕು.' ಹೀಗೆ ಹೇಳಿದವರ ಮೇಜಿನ ಮೇಲೆ ಅವರದೇ ಹೆಂಡತಿ ಮಕ್ಕಳ ಫೋಟೋ ಇತ್ತು. ರೋಗಿಗೆ ಸೂಜಿ ಚುಚ್ಚುವವಳು ಮಾತ್ರ ಆಕಾಶದಿಂದ ಉದುರಿರಬೇಕು.

ನಾವು ಊರು ಸೇರುವ ಮೊದಲೇ ನನ್ನ ಮದುವೆಯ ಸುದ್ದಿ ಸೇರಿತ್ತು. ತಮಗೆ ಹೇಳದೆ ಹುಡುಗನನ್ನು ಗೊತ್ತು ಮಾಡಿದ್ದಕ್ಕೆ ದೊಡ್ಡಮ್ಮ ಮುನಿಸಿಕೊಂಡು ಅಮ್ಮನಿಗೆ ಫೋನ್ ಮಾಡಿದ್ದರು. ಅಮ್ಮ ಅಳುಮುಖ ಮಾಡಿಕೊಂಡು, 'ಯಾರೋ ಹುಡ್ಗ?' ಎಂದು ತಮ್ಮನನ್ನು ಕೇಳಿದರು. 'ಹುಡುಕಿದ್ರಾಯ್ತು ಬುಡಕ್ಕ, ಅದೇನ್ ದೊಡ್ ವಿಷ್ಯ' ಅಂದರು ಮಾವ.

ಅವತ್ತು ನನಗೆ ತಡೆಯಲಾಗಲಿಲ್ಲ. ಹಿರಿಯರು ಎನ್ನುವುದನ್ನೂ ಮರೆತು ರೇಗಿದೆ. 'ಯಾಕೆ ಮಾವ ಈ ಸುಳ್ಳು? ನಂಗೆ ಇಲ್ಲಿ ಕೆಲ್ಸ ಮಾಡೋಕೆ ಇಷ್ಟ, ಅದಕ್ಕೆ ಬಂದಿದೀನಿ ಅಂದ್ರೆ ಆಗಲ್ವಾ?'

ಮಾವ ನನ್ನನ್ನು ಅಯ್ಯೋ ಅನ್ನುವ ಹಾಗೆ ನೋಡಿದರು.

'ನಿನ್ ಮಾತ್ನ ಯಾರು ನಂಬ್ತಾರವ್ವ? ನಾನು ಮಂಡಿಗೆ ಹೋಗಿ, ಮೆಣಸು ಭಾರಿ ಚೆನ್ನಾಗೈತೆ, ಒಂದು ಐಬಿಲ್ಲ ಅಂದೆ ಅನ್ಕೊ. ಸಾಬ್ರು ಚೀಲದ ತಳಕ್ಕೆ ಕೈ ಹಾಕ್ತಾರೆ. ಅದೇ ನಾನೇ ಮೊದ್ಲು, ವಸಿ ಜೊಳ್ಳೈತೆ ಸಾಬ್ರೇ ಅಂದ್ರೆ, ಮೇಲ್ಗಡೆ ನೋಡಿ ತೂಕಕ್ಕಿಡ್ತಾರೆ. ಒಂದು ಚಿಕ್ಕ ಐಬು ನಾವೇ ತೋರಿಸ್ಬುಟ್ರೆ ಅವ್ರು ದೊಡ್ಡದ್ನ ಹುಡುಕಾಕ್ ಹೋಗಲ್ಲ. ಇಷ್ಟು ಓದಿದೀಯ, ಇಲ್ಲೇ ಇರ್ತೀನಿ ಅಂತೀಯ. ಏನೋ ಐತೆ ಅನ್ಕಳಲ್ವಾ ಜನ?'

ಅನ್ನುವವರು ಅನ್ನುತ್ತಲೂ ಇದ್ದರು. ಬೇಕರಿಯವನು 'ಫೇಲಾ?' ಎಂದು ಅಪ್ಪನನ್ನು ಕೇಳಿದ್ದ. ಪಕ್ಕದ ಮನೆಯಾಕೆ 'ಹಾಸನದಲ್ಲಿ ಯಾರ್ದೋ ಸಹವಾಸ ಇತ್ತಂತಾ?' ಎಂದು ಅಮ್ಮನ ಬಾಯಿ ಬಿಡಿಸಲು ನೋಡಿದ್ದರು. ಬೆಂಗಳೂರಿನಿಂದ ಓಡಿಬಂದವಳಿಗೆ ನಮ್ಮ ಊರಿನಲ್ಲಿ ಮರ್ಯಾದೆ ಉಂಟು. ಹೋಗದೆಯೇ ಉಳಿದವಳಿಗೆ ಇಲ್ಲ. ತಮ್ಮ ಊರನ್ನು ಹೊಗಳಿ ಹೊಗಳಿ ಬಾಯಿ ಒಣಗಿಸಿಕೊಳ್ಳುವ ಇದೇ ಜನ, ಒಬ್ಬಳು ಇಲ್ಲೇ ಇರುತ್ತೇನೆ ಅಂದರೆ ಅವಳ ತಲೆ ಸರಿಯಿದೆಯೇ ಎಂದು ನೋಡುತ್ತಾರೆ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕಟವಾಗುತ್ತಿತ್ತು, ಮಾವನಿಗೆ ಆಗುತ್ತಿರಲಿಲ್ಲ. ಅವರದು ವ್ಯಾಪಾರ.

ತಿಂಗಳು ಮುಗಿಯುತ್ತ ಬಂದಿತ್ತು. ಅಮ್ಮ ನನಗೆ ಬೆಂಗಳೂರಿಗೆಂದು ಚಟ್ನಿಪುಡಿ ಮಾಡಲು ಶುರುಮಾಡಿದ್ದರು. ಆಗ ಮಾವ ಕೊನೆಯ ಸುದ್ದಿ ತಂದರು. ವನಗೂರು ಕಡೆ ಬೆಳೆಗಾರರು ಸೇರಿ ನಡೆಸುವ ಆಸ್ಪತ್ರೆಯಲ್ಲಿ ಸಿಸ್ಟರ್ ಬಿಟ್ಟಿದ್ದಾರೆ. ಅದೇ ಗುಡ್ಡ, ಅದೇ ಲೈನುಗಳು. ಒಬ್ಬಳೇ ಹೋಗುತ್ತೇನೆ ಅಂದೆ. 'ಅದೆಂಗಾಯ್ತದೆ' ಅಂದರು ಮಾವ.

ಸಕಲೇಶಪುರದ ಹೋಟೆಲಿನಲ್ಲಿ ಮಾವ ಎರಡು ಮಸಾಲೆದೋಸೆ ತಿಂದು, ನಜೀರ್ ಸಾಬರ ಬಾಡಿಗೆ ಜೀಪಿನ ಹಿಂಬದಿಯಲ್ಲಿ ನನ್ನೆದುರು ಕೂತರು. ಹೇಮಾವತಿ ದಾಟುವಾಗಲೇ ಅವತ್ತಿನ ಐಬನ್ನು ಹೇಳಿದರು: 'ಈ ಹುಡ್ಗಿ ಮದ್ವೆನೇ ಬ್ಯಾಡ ಅಂತಾಳೆ, ಸೇವೆ ಮಾಡ್ಕೊಂಡಿರ್ತಾಳಂತೆ ಅಂತೀನಿ. ಆ ಮ್ಯಾನೇಜರ್ರು ಸಂಸಾರ ಇಲ್ದೋರು ಬೇಕು ಅಂದ್ರಲ್ಲ.' ನಾನು ಕೈ ಮುಗಿದೆ. ದಯವಿಟ್ಟು ಇವತ್ತು ಸುಮ್ಮನಿರಿ ಎಂದು ಬೇಡಿಕೊಂಡೆ. ಅವರು ನಕ್ಕು ಬೆನ್ನು ತಟ್ಟಿದರು.

ಏರು ಶುರುವಾದ ಮೇಲೆ ಮಾವನ ಮಾತು ಕಡಿಮೆಯಾಯಿತು. ಇನ್ನೆರಡು ತಿರುವು ಕಳೆದ ಮೇಲೆ ನಿಂತೇಹೋಯಿತು. ನಜೀರ್ ಸಾಬರು ಕನ್ನಡಿಯಲ್ಲಿ ನೋಡಿ, 'ರುದ್ರಪ್ಪೋರೇ, ತಲೆ ಹೊರಗೆ ಹಾಕಿ ಮಾರಾಯ್ರೇ, ನಿನ್ನೆ ಜೀಪು ತೊಳ್ದಿದೀನಿ' ಅನ್ನುವಷ್ಟರಲ್ಲಿ ಎರಡೂ ದೋಸೆ ಹೊರಬಂದವು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಾವ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ನಾನು ಮತ್ತು ಸಾಬರು ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋಗಿ, ಪರದೆಯ ಹಿಂದಿನ ಮಂಚದ ಮೇಲೆ ಮಲಗಿಸಿ, ಪಕ್ಕಕ್ಕೆ ತಿರುಗಿಸಿ, ಬೇಸಿನ್ ಇಟ್ಟೆವು.

ಆಸ್ಪತ್ರೆ ನೋಡಿಕೊಳ್ಳುತ್ತಿದ್ದವರು ಸಾವಿತ್ರಮ್ಮ, ಬೆಳೆಗಾರರ ಮನೆಯೊಂದರ ಹಿರಿಯರು. ಜೊತೆಗೆ ವಾರಕ್ಕೆ ಎರಡು ದಿನ ಬರುವ ಡಾಕ್ಟರು. ಸಾವಿತ್ರಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದರು, 'ಬೆಂಗಳೂರು ಬಿಟ್ಟು ಇಲ್ಲಿಗ್ಯಾಕಮ್ಮ ಬರ್ತೀಯ?'

ಪರದೆಯ ಹಿಂದಿನಿಂದ 'ಅವ್ಳಿಗೆ ಮದ್ವೆ...' ಎಂದು ಕ್ಷೀಣವಾಗಿ ಕೇಳಿಸಿತು. ಆಮೇಲೆ ಬೇಸಿನ್ನಿನ ಸದ್ದು.

'ನನಗೆ ಇಲ್ಲಿ ಕೆಲಸ ಮಾಡೋಕೆ ಇಷ್ಟ ಮೇಡಂ. ಬೇರೆ ಕಾರಣ ಇಲ್ಲ' ಅಂದೆ. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತು.

ಸಾವಿತ್ರಮ್ಮ ನನ್ನನ್ನು ದಿಟ್ಟಿಸಿದರು. ಜಿಗಣೆ ಅಂದರೆ ನನಗೆ ಪ್ರಾಣ ಅಂದಿದ್ದರೂ ಅಷ್ಟು ಆಶ್ಚರ್ಯಪಡುತ್ತಿರಲಿಲ್ಲವೇನೋ. ಡಾಕ್ಟರ ಕಡೆ ಬಾಗಿ, ನನಗೆ ಕೇಳಿಸುವ ಹಾಗೆಯೇ ಅಂದರು: 'ಏನೋ ಇರ್ಬೇಕು. ಇರ್ಲಿ ಬಿಡಿ, ಬೇರೆ ಯಾರೂ ಬಂದಿಲ್ವಲ್ಲ.'

ಹೀಗೆ ನನಗೆ ಕೆಲಸ ಸಿಕ್ಕಿತು. ಸತ್ಯ ಹೇಳಿದ್ದಕ್ಕೆ ಸಿಕ್ಕಿತು ಎಂದು ಬೀಗಲು ನಾನು ತಯಾರಾಗಿದ್ದೆ, ಸಾವಿತ್ರಮ್ಮ ಅದಕ್ಕೂ ಜಾಗ ಬಿಡಲಿಲ್ಲ.

ಇಳಿಜಾರಿನಲ್ಲಿ ಮಾವ ನಿಂಬೆಹಣ್ಣು ಮೂಸುತ್ತ ಮುಂದಿನ ಸೀಟಿನಲ್ಲಿ ಕೂತಿದ್ದರು. ಪೇಟೆ ಹತ್ತಿರ ಬಂದಂತೆ ಮುಖಕ್ಕೆ ಕಳೆ ಬಂತು. ಹಿಂದೆ ತಿರುಗಿ ಅಂದರು, 'ಬೇಕಂತ್ಲೇ ವಾಂತಿ ಮಾಡ್ದೆ ಕಣವ್ವ. ನಿನ್ ಕೈಕೆಲ್ಸ ಅವ್ರು ಕಣ್ಣಾರೆ ನೋಡ್ಲಿ ಅಂತ.'

ನಜೀರ್ ಸಾಬರು ಜೀಪು ಪಕ್ಕಕ್ಕೆ ನಿಲ್ಲಿಸಿ ನಕ್ಕು ಮುಗಿಸಿ ಮತ್ತೆ ಹೊರಟರು. ಆದರೆ ಮಾವ ಆ ಕತೆಯನ್ನು ಪ್ರತಿ ಎಸ್ಟೇಟಿನ ಸ್ಟೋರಿನಲ್ಲೂ ಹೇಳಿದರು. ಹೇಳುತ್ತ ಹೇಳುತ್ತ ತಾವೇ ನಂಬಿದರು. ನಾನು ಪ್ರತಿ ಮದುವೆಯಲ್ಲೂ ನಿಜವಾದ ಕತೆ ಹೇಳಿ ಅವರನ್ನು ಗೇಲಿ ಮಾಡುತ್ತಿದ್ದೆ. ಜನ ಇಬ್ಬರದನ್ನೂ ಕೇಳಿ ಮಾವನದನ್ನೇ ಇಟ್ಟುಕೊಂಡರು.

ಆಮೇಲೆ ಮೆಣಸಿನ ಕಾಲದಲ್ಲಿ ಮಾವ ಆ ಕಡೆ ಬಂದಾಗೆಲ್ಲ ನಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಒಬ್ಬರನ್ನು 'ಎಷ್ಟು ದಿನದಿಂದ ಜ್ವರ?' ಅಂದರೆ ಬೆಂಚಿನಿಂದ ಉತ್ತರ ಬರುತ್ತಿತ್ತು. ಬೈದು ಕಳಿಸುತ್ತಿದ್ದೆ. ಹೋಗುವ ಮೊದಲು ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಹೊಸ ಮೆಣಸು ಇಟ್ಟು ಹೋಗುತ್ತಿದ್ದರು. ಅದರಲ್ಲಿ ಜೊಳ್ಳು ಇರುತ್ತಿರಲಿಲ್ಲ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು, ಮಾತು ಪೂರ್ತಿ ಹೋಯಿತು. ನೋಡಲು ಬಂದವರು 'ಹೇಗಿದೀರಿ ರುದ್ರಪ್ಪನೋರೇ?' ಎಂದು ಅವರನ್ನು ಕೇಳಿದರೆ ಗಿರಿಜತ್ತೆ ಉತ್ತರ ಕೊಡುತ್ತಿದ್ದರು. 'ಇಷ್ಟ್ ವರ್ಷ ಆದ್ಮೇಲೆ ನಂಗೆ ಚಾನ್ಸ್ ಸಿಕ್ಕೈತೆ' ಎಂದು ನಗುತ್ತ ಹೇಳಿ, ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ರಜೆ ಸಿಕ್ಕಾಗೆಲ್ಲ ಹೋಗಿ ಅವರ ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಪೌಡರ್ ಹಾಕಿ ಬರುತ್ತಿದ್ದೆ. ಮಾತಿಲ್ಲದ ಮಾವನ ಪಕ್ಕ ಕೂರುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಕೊನೆಯ ಸಲ ನಾನು ಹೋಗಿದ್ದಾಗ ಪಕ್ಕದೂರಿನ ಮಲ್ಲೇಶಪ್ಪ ಬಂದರು. ಅವರ ಮಗಳು ಚೈತ್ರಾಳದೂ ನರ್ಸಿಂಗ್ ಮುಗಿಯುತ್ತ ಬಂದಿತ್ತು. ಹಣ್ಣಿನ ಚೀಲ ಕೆಳಗಿಟ್ಟು ಮಾವನಿಗೆ ಅಂದರು, 'ನಿಮ್ಮಕ್ಕನ ಮಗ್ಳಿಗೆ ಕೆಲ್ಸ ನೀವೇ ಕೊಡ್ಸಿದ್ದಂತೆ. ನಮ್ ಹುಡ್ಗಿಗೂ ಒಂದು ಮಾತು ಹೇಳ್ಬೇಕಲ್ಲ.'

ಮಾವ ಎಡಗೈಯನ್ನು ನಿಧಾನಕ್ಕೆ ಎತ್ತಿ ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ನಾನು ಎಲ್ಲಿ ನಿಜ ಹೇಳಿಬಿಡುತ್ತೇನೋ ಎಂಬ ಅಂಜಿಕೆ ಆ ಕಣ್ಣಿನಲ್ಲಿತ್ತು.

'ಹೌದು' ಅಂದೆ. 'ನನಗೆ ಕೆಲಸ ಮಾವನೇ ಕೊಡಿಸಿದ್ದು.'

ಮಾವ ಮಲ್ಲೇಶಪ್ಪನವರ ಕಡೆ ತಿರುಗಿ, ಆಗೋಯ್ತು ಅನ್ನುವ ಹಾಗೆ ಗತ್ತಿನಿಂದ ತಲೆಯಾಡಿಸಿದರು. ಅದಾದ ವಾರಕ್ಕೆ ತೀರಿಕೊಂಡರು.

ಮೊನ್ನೆ ಚೈತ್ರಾ ಸರ್ಟಿಫಿಕೇಟುಗಳ ಫೈಲು ಹಿಡಿದುಕೊಂಡು ನಮ್ಮ ಆಸ್ಪತ್ರೆಗೆ ಬಂದಳು. ಒಳ್ಳೆಯ ಮಾರ್ಕ್ಸು, ಚುರುಕು ಹುಡುಗಿ. 'ಬೆಂಗಳೂರು ಬಿಟ್ಟು ಇಲ್ಲಿಗ್ಯಾಕೆ ಬಂದೆ?' ಎಂದು ಕೇಳಿದೆ. 'ಇಲ್ಲೇ ಇರ್ಬೇಕು ಅಂತ ಆಸೆ ಅಕ್ಕ' ಅಂದಳು. ನಾನು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ಏನೋ ಇರಬೇಕು ಅನ್ನಿಸಿತು. ಅನ್ನಿಸಿದ ಮರುಕ್ಷಣ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಾವಿತ್ರಮ್ಮನವರ ಕೋಣೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿಕೊಂಡು ನಿಂತೆ. ಒಳಗೆ ಹೋಗಿ ಏನು ಹೇಳಬೇಕೆಂದು ಹೇಳಿಕೊಡಲು ಮಾವ ಇರಲಿಲ್ಲ.