ಊಟ ಮಾಡಿದ ಕಡಲ ಹೂವು

ಓದುಗರಿಗೆ ನಮಸ್ಕಾರ. ಅಕ್ಷರ ತಡವಾಗಿ ಕಲಿತವನು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅರವತ್ತರ ದಶಕದ ಮಾತು. ಕಾರವಾರದ ಬಂಡೆಯಿಂದ ಸಮುದ್ರದ ನೀರಿನ ಸಮೇತ ನಾನೇ ತಂದಿದ್ದ ಕಡಲ ಹೂವು ನಮ್ಮ ಜಯನಗರದ ಮನೆಯ ಗಾಜಿನ ತೊಟ್ಟಿಯಲ್ಲಿ ಅರಳಿತ್ತು. ಅದು ಗಿಡವಲ್ಲ, ಪ್ರಾಣಿ ಎಂದರೆ ಅಮ್ಮ ನಂಬಲಿಲ್ಲ. ನೆನೆಸಿದ ಒಣ ಸೀಗಡಿಯ ಚೂರೊಂದನ್ನು ಕಡ್ಡಿಯಿಂದ ತಾಗಿಸಿ ತೋರಿಸಿದೆ. ಎಸಳುಗಳು ಮಡಚಿಕೊಂಡು ಅದನ್ನು ಒಳಗೆಳೆದುಕೊಂಡವು.

ನಮ್ಮದು ಮಾಂಸ ಮುಟ್ಟದ ಮನೆ. ತೊಟ್ಟಿ ಇನ್ನು ಬೀದಿಗೇ ಅಂದುಕೊಂಡೆ.

ಅಮ್ಮ ಬಗ್ಗಿ ನೋಡಿ, "ಹೂವಾಗಿದ್ರೆ ನಾಳೆ ಕಿತ್ತು ದೇವರಿಗಿಡ್ತಿದ್ದೆ ಕಣೋ. ಉಣ್ಣೋ ಜೀವಾನ ಆಚೆ ಹಾಕಕ್ಕಾಗುತ್ತಾ? ಅಡುಗೆಮನೆ ಕಡೆ ಮಾತ್ರ ತರಬೇಡ" ಅಂದರು.

ಆಮೇಲೆ ನನಗೆ ಬಡಿಸುವ ಮುಂಚೆ, "ಅದರದ್ದು ಊಟ ಆಯ್ತೇನೋ?" ಎಂದು ಕೇಳದ ದಿನವಿಲ್ಲ. ನಿಮ್ಮ ಮನೆಗೂ ಇಂಥ ನೆಂಟರು ಬಂದಿದ್ದರೆ ಬರೆದು ತಿಳಿಸಿ.